ಗಾಲಿಮನೆ ಮಟ್ಟ ಮಾಡಿದ್ದು

ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿದೆ. ನಳ ಬರುವ ದಿನವಾಗಿತ್ತು, ಹಿತ್ತಲ ಟಾಕಿ ತಿಕ್ಕಿ ತುಂಬಿಸಿದೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಗಂಜಿ ಹಾಕಿದ ಸೀರೆಗಳನ್ನು ಮಾಳಿಗೆಯ ಮೇಲೆ ಒಣಹಾಕಿದೆ. ಗಾಳಿಗೆ ಒಂದು ಹಾರಿ ಪಕ್ಕದವರ ಮಾಳಿಗೆ ಸೇರಿತು. ತರಲು ಹೋದವಳು ಅಲ್ಲಿ ಚಹಾ ಕುಡಿದು, ಮಾತಾಡಿ, ಸೀರೆಯನ್ನು ಅಲ್ಲೇ ಬಿಟ್ಟು ಬಂದು, ಮತ್ತೆ ಹೋಗಿ ತಂದೆ. ಹುಣಸೆಹಣ್ಣಿನ ಬೀಜ ಬಿಡಿಸಿದೆ. ಮಧ್ಯಾಹ್ನ ಜೋಳದ ಡ್ರಮ್ಮು ಸರಿಸಿ ಹಿಂದಿನ ಕಸ ಹೊಡೆಯುವಾಗ ಒಂದು ಹಲಗೆಯ ತುಂಡು ಸಿಕ್ಕಿತು. ಬೇವಿನದು, ಎರಡು ಬೆರಳು ದಪ್ಪ, ಮೇಲೆ ಟೈರಿನ ಗೀರು. ಒಲೆಗೆ ಹಾಕಲು ಮನಸ್ಸು ಬರಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು ಡ್ರಮ್ಮಿಗೆ ಬೆನ್ನು ಆನಿಸಿ ಕೂತುಬಿಟ್ಟೆ. ನಾನು ಒಮ್ಮೆ ಕೂತರೆ ಏಳುವುದು ತಡ.

ನಮ್ಮದೊಂದು ಗಾಲಿಮನೆ ಇದೆ. ಹೀಗೆಂದರೆ ಭಾರಿ ಏನೋ ಇರಬೇಕು ಎಂದುಕೊಳ್ಳಬೇಡಿ. ಜೀಪಿನ ಹಿಂದೆ ಕಟ್ಟಿ ಎಳೆದೊಯ್ಯುವ ಎರಡು ಗಾಲಿಯ ಪೆಟ್ಟಿಗೆ ಅದು. ಒಳಗೆ ಒಬ್ಬರು ನಿಂತು ಅಡುಗೆ ಮಾಡುವಷ್ಟು ಕಟ್ಟೆ, ಹಿಂದಿನ ಗೋಡೆಗೆ ಅಡ್ಡಲಾಗಿ ಒಂದು ಮಂಚ, ಮೂಲೆಯಲ್ಲಿ ಪಾಯಖಾನೆ, ಎಡಗಡೆಗೆ ಬಾಗಿಲು. ಲಕ್ಷ್ಮೇಶ್ವರದಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಮಿಸ್ತ್ರಿಯೊಬ್ಬರು ಮಾಡಿಕೊಟ್ಟದ್ದು. ನಮ್ಮ ಬೆಟಗೇರಿಯ ಓಣಿಗೆ ಅದು ಬಂದ ದಿನ ಎದುರುಮನೆಯವರು ಬಾಗಿಲಲ್ಲಿ ನಿಂತು, "ಏನ್ರಿ ಶಕ್ಕೂಬಾಯಿ, ಐಸ್‌ಕ್ರೀಮ್ ಮಾರವ್ರೇನು?" ಎಂದು ಕೇಳಿದರು. ಇನ್ನೊಬ್ಬರು ಕುರಿಮರಿ ಸಾಗಿಸುವುದಕ್ಕೆ ಇರಬೇಕು ಎಂದರು. ನಾನು ಎರಡಕ್ಕೂ ಹೂಂ ಅಂದೆ. ಅಷ್ಟಕ್ಕೂ ಏನೆಂದು ಹೇಳುವುದು? ಮನೆ ಇದ್ದವರು ಇನ್ನೊಂದು ಮನೆಯನ್ನು ಬಾಲದ ಹಾಗೆ ಕಟ್ಟಿಕೊಂಡು ಹೋಗುವುದನ್ನು ನಮ್ಮ ಓಣಿ ಕಂಡಿರಲಿಲ್ಲ.

ನನ್ನ ಯಜಮಾನರು ನೇಕಾರರ ಮನೆಯ ಮಗ. ಮಾವನವರು ಕೈಮಗ್ಗದಲ್ಲಿ ಕೂತು ಸೀರೆ ನೇಯ್ದವರು; ಇವರು ಪಾನಾ ಸ್ಕ್ರೂಡ್ರೈವರ್ ಚೀಲ ಹಿಡಿದು ವಿದ್ಯುತ್ ಮಗ್ಗಗಳ ರಿಪೇರಿಗೆ ತಿರುಗುತ್ತಾರೆ. ಮನೆಯಲ್ಲಿ ಒಂದಿಷ್ಟು ಸೀರೆ ವ್ಯಾಪಾರ ನಾನು ನೋಡಿಕೊಳ್ಳುತ್ತೇನೆ. ಹೀಗಿರುವಾಗ ಗಾಲಿಮನೆ ಯಾಕೆ ಎಂದರೆ, ಅತ್ತೆಯ ಸಲುವಾಗಿ.

ಅತ್ತೆಗೆ ತಲೆ ತಿರುಗುತ್ತದೆ. ನಿಂತಾಗ ಅಲ್ಲ, ಮಲಗಿದಾಗ. ದಿಂಬು ಒಂಚೂರು ಆಚೀಚೆ ಆದರೆ, ಮಂಚ ಒಂದು ಕಡೆ ಇಳಿದಿದ್ದರೆ, ಮಾಳಿಗೆಯ ಜಂತಿಗಳೆಲ್ಲ ಗಾಣದ ಹಾಗೆ ತಿರುಗತೊಡಗುತ್ತವಂತೆ. ಗದಗಿನ ಡಾಕ್ಟರು, ಕಿವಿಯ ಒಳಗೆ ಒಂದಿಷ್ಟು ನೀರು ಇರುತ್ತದೆ, ತಲೆ ಯಾವ ಕಡೆ ವಾಲಿತು ಎಂದು ಮೆದುಳಿಗೆ ಹೇಳುವುದು ಅದೇ, ನಿಮ್ಮದು ಸ್ವಲ್ಪ ಹದಗೆಟ್ಟಿದೆ ಎಂದು ಬಿಡಿಸಿ ಹೇಳಿದರು. ಅತ್ತೆ ಮನೆಗೆ ಬಂದು, "ನಾ ತುಂಬಿದ ಕೊಡ ಆಗೇನವ್ವಾ ಶಕ್ಕೂ, ನನ್ನ ತುಳುಕಿಸಬ್ಯಾಡ್ರಿ" ಎಂದರು. ನನಗೆ ಮಾತ್ರ ಆ ದಿನವಿಡೀ ಅದೇ ಯೋಚನೆ. ಹಾಗಾದರೆ ನಮ್ಮೆಲ್ಲರ ತಲೆಯೊಳಗೂ ನೀರಿದೆಯೇ? ರೊಟ್ಟಿ ಬಡಿಯುವಾಗ ಬಗ್ಗಿದರೆ ಅದೂ ಬಗ್ಗುತ್ತದೆಯೇ? ಸಂತೆಯಲ್ಲಿ ಬೇಡ ಬೇಡ ಎಂದು ತಲೆ ಆಡಿಸಿದಾಗ ಅದರ ಗತಿ ಏನು? ಕೇಳೋಣವೆಂದರೆ ಡಾಕ್ಟರ ಮುಂದೆ ಸಾಲು ಉದ್ದವಿತ್ತು.

ಈ ಕಾಯಿಲೆ ಶುರುವಾದ ಮೇಲೆ ಅತ್ತೆ ಬೇರೆಯವರ ಮನೆಯಲ್ಲಿ ಒಂದು ರಾತ್ರಿಯೂ ಮಲಗಿಲ್ಲ. ಬೆಳ್ಳಟ್ಟಿಯಲ್ಲಿ ಅವರ ತಂಗಿ ಕಮಲವ್ವ ಇದ್ದಾರೆ. ಅವರಿಗೆ ಮೊಣಕಾಲು ಹಿಡಿದುಹೋಗಿ ಹೊಸ್ತಿಲು ದಾಟುವುದಿಲ್ಲ. ಅಕ್ಕತಂಗಿಯರು ದಿನಾ ಫೋನಿನಲ್ಲಿ ಮಾತಾಡುತ್ತಾರೆ. "ನಿನಗ ಕಾಲಿಲ್ಲ, ನನಗ ತಲಿಯಿಲ್ಲ. ಇಬ್ಬರೂ ಕೂಡಿದ್ರ ಒಂದು ಮನಷ್ಯಾಳು ಆಗತೇವಿ ನೋಡು" ಎಂದು ಅತ್ತೆ ನಗುತ್ತಾರೆ. ನಕ್ಕು ಫೋನು ಇಟ್ಟ ಮೇಲೆ ಬಹಳ ಹೊತ್ತು ಸೆರಗಿನ ಅಂಚು ಹಿಡಿದು ಸುಮ್ಮನೆ ಕೂತಿರುತ್ತಾರೆ. ಅದನ್ನು ನೋಡಿ ನೋಡಿಯೇ ಇವರು ಲಕ್ಷ್ಮೇಶ್ವರಕ್ಕೆ ಹೋಗಿ ಬಂದದ್ದು. ಅತ್ತೆ ಯಾರ ಮನೆಗೂ ಹೋಗಲಾರರು, ಸರಿ. ಅತ್ತೆಯ ಮಂಚವೇ ತಂಗಿಯ ಮನೆಯ ಮುಂದೆ ಹೋಗಿ ನಿಂತರೆ?

ಅತ್ತೆ ಒಪ್ಪಿದರು, ಆದರೆ ಒಂದು ಕರಾರು ಹಾಕಿದರು. "ಮೊದಲ ಸೀದಾ ಬೆಳ್ಳಟ್ಟಿಗೆ ಬ್ಯಾಡ. ಮಂದಿಲ್ಲದ ಕಡೆ ಒಂದು ರಾತ್ರಿ ಮಲಗಿ ನೋಡೂಣು. ಬೀಗರು ಬಿಜ್ಜರ ಮುಂದ ತಲಿ ತಿರುಗಿ ಬಿದ್ರ ಏನ್ ಚಂದ? ಬಂದಾಕಿ ಬ್ಯಾನಿ ಹೊತಗೊಂಡ ಬಂದ್ಲು ಅಂತಾರ."

"ತಿರುಗಲಿಲ್ಲಂದ್ರ?" ಎಂದು ಇವರು ಕೇಳಿದರು.

"ತಿರುಗಲಿಲ್ಲಂದ್ರ ಮರುದಿನ ತಂಗಿ ಕಡೆ. ತಿರುಗ್ತಂದ್ರ ಹೊಳ್ಳಿ ಮನಿಗೆ. ಆಮ್ಯಾಲೆ ಊರಿಗೆ ಹೋಗೂ ಸುದ್ದಿ ನನ್ನ ಮುಂದ ಯಾರೂ ತಗೀಬಾರದು. ಖರೇನ ಹೇಳ್ತೀನಿ ಈರಣ್ಣಾ."

ಅತ್ತೆ ಖರೆ ಎಂದರೆ ಮುಗಿಯಿತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗಾಲಿಮನೆ ಇನ್ನೂ ಬರೀ ಕಬ್ಬಿಣದ ಹಂದರವಾಗಿದ್ದಾಗ ಮಿಸ್ತ್ರಿ ಅಳತೆ ಕೇಳಲು ಬೆಟಗೇರಿಗೆ ಬಂದಿದ್ದರು. ಅತ್ತೆ ಅವರಿಗೆ ಮೊದಲು ಕೇಳಿದ ಪ್ರಶ್ನೆ, "ನೆಲ ತೊಳದ್ರ ನೀರು ಎಲ್ಲಿ ಹೋಗತಾವ?" ಮಿಸ್ತ್ರಿ, "ಅಮ್ಮಾರ, ಇದು ಗಾಡಿ. ಅರಬಿ ತಗೊಂಡು ಒರಸ್ತಾರ" ಎಂದರು. ಅತ್ತೆ ಮುಖ ಗಂಟು ಹಾಕಿದರು. ಒರಸಿದ ನೆಲದ ಮೇಲೆ ಕೂತು ಉಣ್ಣುವುದು ಅವರಿಂದಾಗದು. ನಾಲ್ಕು ಕೊಡ ನೀರು ಸುರುವಿ, ಕಸಬರಿಗೆಯಿಂದ ಬಾಗಿಲ ಆಚೆ ದೂಡಿದರೇನೇ ಅದು ತೊಳೆದದ್ದು. ನಮ್ಮ ಕಡೆಯ ಅಡುಗೆಮನೆಗಳೆಲ್ಲ ಹಾಗೇ ತಾನೆ? ಗೌಂಡಿ ನೆಲ ಹಾಕುವಾಗಲೇ ಮೋರಿಯ ಕಡೆಗೆ ಒಂಚೂರು ಇಳಿಜಾರು ಕೊಟ್ಟಿರುತ್ತಾನೆ. ಮಿಸ್ತ್ರಿ ನಕ್ಕು, "ಆತು ಬಿಡ್ರಿ, ಬಾಗಲಕಡೆ ಇಳಕಲ ಕೊಡ್ತೀನಿ" ಎಂದು ಒಪ್ಪಿಕೊಂಡು ಹೋದರು. ನಾವು ಅದನ್ನು ಕೇಳಿದೆವು, ನಕ್ಕೆವು, ಮರೆತೆವು.

ಹೊರಡುವ ದಿನ ಬಂತು, ಮಧ್ಯಾಹ್ನ ಉಂಡು ಹೊರಟೆವು. ಶಿರಹಟ್ಟಿ ದಾಟಿ ಬೆಳ್ಳಟ್ಟಿಯ ಹಾದಿ ಹಿಡಿದ ಮೇಲೆ ಕಪ್ಪತಗುಡ್ಡದ ಸೆರಗಿನಲ್ಲಿ ನೀಲವ್ವನ ಹೊಲ. ವರ್ಷಕ್ಕೊಮ್ಮೆ ಬೆಟಗೇರಿಗೆ ಬಂದು ನಮ್ಮಲ್ಲಿ ಸೀರೆ ಒಯ್ಯುವಾಕೆ ನೀಲವ್ವ. ಎರಡು ಸೀರೆ ಒಯ್ಯಲು ಕಪಾಟಿನದ್ದೆಲ್ಲ ಬಿಚ್ಚಿಸುತ್ತಾಳೆ, ಕೊನೆಗೆ ಮೊದಲು ಬಿಚ್ಚಿದ್ದನ್ನೇ ಒಯ್ಯುತ್ತಾಳೆ. ಹೊಲದಲ್ಲೇ ಮನೆ. ನಮ್ಮನ್ನು ಕಂಡದ್ದೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬಂದಳು.

"ಇಲ್ಲೇ ನನ್ನ ಕಣದಾಗ ನಿಲ್ಲಸ್ರಿ ಅಣ್ಣಾರ. ರಾಶಿ ಮಾಡೂ ಮಷೀನ್ ಹೊಲಕ್ಕ ಬರಾಕ ಹತ್ತಿದ ಮ್ಯಾಲೆ ಕಣ ಖಾಲಿ ಬಿದ್ದೈತಿ. ಮಟ್ಟಸ ಐತಿ ನೋಡ್ರಿ, ತಾಟಿನಂಗ. ಆದ್ರ ಚಪ್ಪಲಿ ಕಳದ ಬರ್ರಿ."

ಕಣಕ್ಕೆ ಚಪ್ಪಲಿ ಮೆಟ್ಟಿ ಬರುವುದಿಲ್ಲ. ಕಾಳು ಬೀಳುವ ಜಾಗ. ಇವರು, "ಗಾಡಿ ಒಳಗ ಬಂದ್ರ ನಡೀತೈತಿ, ನನ್ನ ಚಪ್ಪಲಿ ನಡಿಯಂಗಿಲ್ಲೇನ ನೀಲವ್ವ?" ಎಂದರು.

"ಬಂಡಿ ಕಣಕ್ಕ ಬರದ ಇನ್ನೆಲ್ಲಿಗೆ ಬರತೈತ್ರಿ? ನೀವು ಕಳೀರಿ."

ಇವರು ಕಳೆದರು. ಸಂಜೆಯ ಆ ಎಲ್ಲ ಕಸರತ್ತನ್ನೂ ನಾವು ಬರಿಗಾಲಲ್ಲೇ ಮಾಡಿದೆವು. ಅತ್ತೆಗೆ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿದೆ. ಅವರು ನಾಟಕ ನೋಡಲು ಬಂದವರ ಹಾಗೆ ಕಾಲು ಚಾಚಿ ಕೂತರು.

ಇಂಥ ಮನೆಯನ್ನು ಮಟ್ಟ ಮಾಡುವುದಕ್ಕೆ ಒಂದು ಕ್ರಮವಿದೆ. ಇವರು ಮೊಬೈಲಿನಲ್ಲಿ ನೋಡಿ ನೋಡಿ ಬಾಯಿಪಾಠ ಮಾಡಿದ್ದರು, ನನಗೂ ಬಂದುಬಿಟ್ಟಿತ್ತು. ಮೊದಲು ಎಡಬಲ ನೋಡಬೇಕು. ಅದಾಗುವ ತನಕ ಜೀಪು ಬಿಚ್ಚಬಾರದು. ತಗ್ಗಿನ ಕಡೆಯ ಗಾಲಿಯನ್ನು ಜೀಪಿನಿಂದಲೇ ಎಳೆಸಿ ಹಲಗೆಯ ಮೇಲೆ ಹತ್ತಿಸಬೇಕು. ಗಾಲಿಯ ಹಿಂದೆ ಮುಂದೆ ಕಲ್ಲು ಕೊಟ್ಟ ಮೇಲೆ ಜೀಪು ಬಿಚ್ಚಿ, ಗಾಲಿಮನೆಯ ಮೂತಿಯ ಕೆಳಗಿನ ಜಾಕು ತಿರುವಿ ಮುಂದಿನ ಭಾಗ ಏರಿಸಿಯೋ ಇಳಿಸಿಯೋ ಹಿಂದುಮುಂದು ಸರಿ ಮಾಡಬೇಕು. ಕಟ್ಟಕಡೆಗೆ ನಾಲ್ಕು ಮೂಲೆಯ ಕಬ್ಬಿಣದ ಕಾಲು ಇಳಿಸಬೇಕು. ಆ ಕಾಲುಗಳು ಅಲುಗದಂತೆ ಹಿಡಿಯಲು ಮಾತ್ರ, ಭಾರ ಎತ್ತಲು ಅಲ್ಲ. ಅತ್ತೆಯನ್ನು ಮೆಟ್ಟಿಲು ಹತ್ತಿಸುವಾಗ ನಾವೂ ಹಾಗೇ ಬಗಲಿಗೆ ಕೈ ಕೊಡುತ್ತೇವಲ್ಲ, ಎತ್ತುವುದಿಲ್ಲ. ಎತ್ತಿದರೆ ಬೈಯುತ್ತಾರೆ.

ಇವರು ರಸಮಟ್ಟ ಹಿಡಿದು ಒಳಗೆ ಹೋದರು. ಗೌಂಡಿಗಳ ಕೈಯಲ್ಲಿ ನೀವು ನೋಡಿರುತ್ತೀರಿ, ಸಣ್ಣ ಗಾಜಿನ ನಳಿಗೆಯಲ್ಲಿ ಹಸಿರು ನೀರು, ಅದರಲ್ಲೊಂದು ಗಾಳಿಗುಳ್ಳೆ. ಗುಳ್ಳೆ ನಟ್ಟನಡುವೆ ನಿಂತರೆ ಮಟ್ಟ. ಇಲ್ಲವಾದರೆ ಎತ್ತರದ ಕಡೆಗೆ ಓಡುತ್ತದೆ. ಅದನ್ನು ನೆಲದ ಮೇಲಿಟ್ಟು, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ನೋಡಿ, "ಎಡಕ್ಕ ಇಳದೈತಿ. ಹಲಗಿ ಕೊಡು" ಎಂದು ಕೂಗಿದರು.

"ನನ್ನ ಕಣ ಇಳದಿಲ್ಲ ಬಿಡ್ರಿ" ಎಂದಳು ನೀಲವ್ವ.

"ಗುಳ್ಳಿ ಹೇಳ್ತೈತಿ ನೀಲವ್ವ."

"ಗುಳ್ಳಿಗೇನ್ ಗೊತ್ತೈತ್ರಿ, ನಿನ್ನೆ ಪ್ಯಾಟ್ಯಾಗ ಹುಟ್ಟೇತಿ."

ನಾನು ಎಡಗಾಲಿಯ ಮುಂದೆ ಹಲಗೆ ಇಟ್ಟೆ, ಈಗ ನನ್ನ ಕೈಯಲ್ಲಿರುವ ಇದೇ ಬೇವಿನದು. ಇವರು ಜೀಪು ಹತ್ತಿದರು. "ಬರ್ರಿ, ಬರ್ರಿ, ಬರ್ರಿ" ಎಂದು ನಾನು ಕೈ ಬೀಸಿದೆ. ಗಾಲಿ ಹಲಗೆ ಹತ್ತಿತು. "ಹೋ" ಎನ್ನಬೇಕು, ಆದರೆ ಇಷ್ಟು ಸುಲಭಕ್ಕೆ ಹತ್ತಿತಲ್ಲ ಎಂದು ನೋಡುತ್ತ ನಿಂತೆ, ಆ ಕಡೆಗೆ ಧಡ್ಡೆಂದು ಇಳಿಯಿತು.

"ಹಲಗಿ ದಾಟೇತಿ ಈರಣ್ಣಾ" ಎಂದರು ಅತ್ತೆ ಗಿಡದ ಕೆಳಗಿನಿಂದ. "ಹಿಂಗ ಹೊಡಕೋತ ನಡಿ, ಬೆಳ್ಳಟ್ಟಿ ಮುಟ್ಟತೇವಿ."

ಮತ್ತೆ ಹಿಂದೆ, ಮತ್ತೆ ಮುಂದೆ. ಕೊನೆಗೆ ಗಾಲಿ ಹಲಗೆಯ ಮೇಲೆ ನಿಂತಿತು. ಕಲ್ಲು ಕೊಟ್ಟೆವು, ಜೀಪು ಬಿಚ್ಚಿದೆವು. ಇವರು ಒಳಗಿನಿಂದ "ಇನ್ನೊಂದ್ ಸುತ್ತು… ಇನ್ನರ್ಧ… ಸಾಕು ಸಾಕು, ಹೊಳ್ಳಿ ತಿರುವು" ಎನ್ನುತ್ತ, ನಾನು ಹೊರಗೆ ಜಾಕು ತಿರುವುತ್ತ, ಎಡಬಲ ಹಿಂದುಮುಂದು ಎರಡಕ್ಕೂ ಗುಳ್ಳೆ ನಡುವೆ ಬಂದು ನಿಂತಿತು. ಮೂಲೆಯ ಕಾಲು ಇಳಿಸಿದೆವು. ಇವರು ಮುಖ ಒರಸಿಕೊಂಡು ಹೊರಗೆ ಬಂದ ರೀತಿ ನೋಡಿದರೆ ಭೂಮಿಯನ್ನೇ ಸರಿ ಮಾಡಿ ಬಂದ ಹಾಗಿತ್ತು.

ಮಟ್ಟ ಎನ್ನುವುದರ ಮೇಲೆ ನನಗೆ ಮೊದಲಿನಿಂದಲೂ ಒಂದು ಕುತೂಹಲ. ನಾನು ಹುಟ್ಟಿ ಬೆಳೆದದ್ದು ಕಳಸಾಪುರದ ಒಕ್ಕಲುಮನೆಯಲ್ಲಿ. ಮಣ್ಣಿನ ನೆಲ, ಸಗಣಿ ಸಾರಿಸಿದ್ದು. ಅದು ಎಲ್ಲಿ ಏರಿದೆ ಎಲ್ಲಿ ಇಳಿದಿದೆ ಎಂದು ಯಾರೂ ಅಳೆದು ನೋಡಿರಲಿಲ್ಲ, ಆದರೆ ಮನೆಯ ಮಕ್ಕಳಿಗೆಲ್ಲ ಗೊತ್ತಿತ್ತು. ಯಾವ ಮೂಲೆಯಲ್ಲಿ ಗೋಲಿ ಆಡಿದರೂ ಕೊನೆಗೆ ಗೋಲಿ ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಬಾಯಿಯ ಹತ್ತಿರವೇ ಸೇರುತ್ತಿತ್ತು. ಕಳೆದುಹೋದದ್ದನ್ನು ಹುಡುಕುವ ತ್ರಾಸವೇ ಇರಲಿಲ್ಲ. ಅವ್ವನ ಕಿವಿಯೋಲೆಯ ಮುತ್ತು, ಅಪ್ಪನ ಅಂಗಿಯ ಗುಂಡಿ, ಎಲ್ಲ ಅಲ್ಲಿಗೇ ಉರುಳಿ ಬರುತ್ತಿದ್ದವು. ಅಂಥ ನೆಲದ ಮೇಲೂ ಅವ್ವ ನೀರಿನ ಕೊಡ ಒಂದಿಷ್ಟೂ ವಾಲದಂತೆ ಇಡುತ್ತಿದ್ದಳು. ಹಳೆಯ ಸೀರೆ ಹರಿದು ಬಳೆಯ ಹಾಗೆ ಸುತ್ತಿದ ಸಿಂಬಿ ಕೊಡದ ಕೆಳಗೆ. ಅದೇ ಸಿಂಬಿ ಬಾವಿಗೆ ಹೋಗುವಾಗ ತಲೆಯ ಮೇಲೆ. ಗುಂಡನೆಯ ಕೊಡಕ್ಕೆ ಗುಂಡನೆಯ ತಲೆ, ನಡುವೆ ಒಂದು ಚಿಂದಿ ಬಟ್ಟೆ, ಅಷ್ಟಕ್ಕೇ ಎಲ್ಲವೂ ನಿಲ್ಲುತ್ತಿತ್ತು. ಒಲೆಯ ಮೇಲೆ ಹಂಚು ವಾಲಿದರೆ ಒಡೆದ ಗಡಿಗೆಯ ಚೂರೊಂದನ್ನು ಕಾಲ್ಬೆರಳಿನಿಂದ ದೂಡಿ ಸಿಕ್ಕಿಸುತ್ತಿದ್ದಳು, ಕೈ ಮಾತ್ರ ರೊಟ್ಟಿಯ ಮೇಲೆಯೇ. ಮದುವೆಯಾಗಿ ಬೆಟಗೇರಿಗೆ ಬಂದು ಪರಸಿಕಲ್ಲಿನ ನೆಲ ಕಂಡಾಗ ನಾನು ಮೊದಲು ಮಾಡಿದ ಕೆಲಸ, ಯಾರೂ ಇಲ್ಲದ್ದು ನೋಡಿ ಒಂದು ಕಡಲೆಕಾಳು ಉರುಳಿಸಿದ್ದು. ಅದು ಉರುಳಿ ಹೋಗಿ ಮಾವನವರ ಪಾದಕ್ಕೆ ತಾಗಿತು. ಅವರು ಬಾಗಿ ಎತ್ತಿ, ಊದಿ, ಬಾಯಿಗೆ ಹಾಕಿಕೊಂಡು ಮಗ್ಗಕ್ಕೆ ಹೋದರು.

ಅದಿರಲಿ. ಅತ್ತೆಯನ್ನು ಬಗಲಿಗೆ ಕೈ ಕೊಟ್ಟು ಗಾಲಿಮನೆ ಹತ್ತಿಸಿದೆವು. ಅವರು ಮಂಚದ ಮೇಲೆ ಕೂತು ಕೈಯಿಂದ ಹಾಸಿಗೆ ಸವರಿ, ಬಾಗಿಲಿನಿಂದ ದೂರದ ಗೋಡೆಗೆ ದಿಂಬು ಹಾಕಿಸಿದರು. ಬಾಗಿಲ ಕಡೆ ತಲೆ ಇಟ್ಟು ಅವರು ಮಲಗುವವರಲ್ಲ. ಮೆಲ್ಲಗೆ ಒರಗಿದರು. ಕಣ್ಣು ಮುಚ್ಚಿದರು. ನಾವು ಮೂವರೂ ಬಾಗಿಲಲ್ಲಿ ತಲೆ ತೂರಿಸಿ ನೋಡುತ್ತಿದ್ದೆವು.

"ತಲಿ ಕೆಳಗ ಐತಿ" ಎಂದರು ಅತ್ತೆ.

"ಎವ್ವಾ, ಗುಳ್ಳಿ ನಡಬರಕ ಐತಿ" ಎಂದರು ಇವರು.

"ಗುಳ್ಳಿ ಮಲಗೇತೋ ನಾ ಮಲಗೇನೋ? ಕಾಲು ಮ್ಯಾಲ, ತಲಿ ಕೆಳಗ. ಹಿಡೀರಿ, ಹಿಡೀರಿ ನನ್ನ…"

ಎರಡೂ ಕೈಯಿಂದ ಮಂಚದ ಅಂಚು ಹಿಡಿದುಕೊಂಡರು. ನಾನು ಒಳಗೆ ನುಗ್ಗಿ ಎಬ್ಬಿಸಿ ಕೂರಿಸಿದೆ. ಮುಖ ಬೆಳ್ಳಗಾಗಿತ್ತು, ಹಣೆಯಲ್ಲಿ ಬೆವರು. ಕಣ್ಣು ಬಿಡದೆಯೇ ಕೆಳಗಿಳಿದು, ಗಿಡದ ಕೆಳಗಿನ ಕುರ್ಚಿಗೆ ಬಂದು, ಬೇವಿನ ಬೊಡ್ಡೆಗೆ ಅಂಗೈ ಊರಿ ಕೂತರು. ನೀಲವ್ವ ನೀರು ತಂದುಕೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ತೀರಾ ಸಾದಾ ದನಿಯಲ್ಲಿ, "ಶಕ್ಕೂ, ಆ ಹೋಳಿಗಿ ಡಬ್ಬಿ ನೀಲವ್ವಗ ಕೊಟ್ಟಬಿಡು. ಸುಮ್ನ ಹಳಸ್ತಾವ" ಎಂದರು.

ಅವು ಶೇಂಗಾ ಹೋಳಿಗೆ. ಹಳಸುವ ಪದಾರ್ಥವೇ ಅಲ್ಲ. ಕಮಲವ್ವನಿಗೆಂದು ಹಿಂದಿನ ದಿನ ಅತ್ತೆಯೇ ಗ್ಯಾಸಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು ಒಂದೊಂದನ್ನೂ ಬೇಯಿಸಿದ್ದರು, ನನಗೆ ಲಟ್ಟಿಸಲು ಮಾತ್ರ ಕೊಟ್ಟಿದ್ದರು. ಇವರು ರಸಮಟ್ಟವನ್ನು ಅಂಗಿಯ ತುದಿಯಿಂದ ಒರಸಿದರು, ಒರಸುವಂಥದ್ದೇನೂ ಅದರ ಮೇಲಿರಲಿಲ್ಲ.

"ನಾ ಯಾಕ ತಗೋಲಿ ಎವ್ವಾ?" ಎಂದಳು ನೀಲವ್ವ. "ನನಗ ಮಾಡಿ ತಂದಿದ್ರ ಬಂದಕೂಡಲೆ ಕೊಡತಿದ್ರಿ. ನಿನಗ ಮಾಡೇನಿ ಅಂತ ಮುಂದಿನ ಸಲ ಮಾಡ್ಕೊಂಡ ಬರ್ರಿ, ತಗೋತೀನಿ."

ನನಗೆ ಏನು ಮಾಡಬೇಕೋ ತಿಳಿಯದಾದಾಗ ನಾನು ಚಹಾಕ್ಕೆ ಇಡುತ್ತೇನೆ. ಒಳಗೆ ಹೋಗಿ ಕಟ್ಟೆಯ ಮೇಲಿನ ಗ್ಯಾಸು ಹಚ್ಚಿ ಪಾತ್ರೆ ಇಟ್ಟೆ. ಹಾಲು ಹಾಕಿದ ಮೇಲೆ ನೋಡುತ್ತೇನೆ, ಚಹಾ ಪಾತ್ರೆಯ ಒಂದು ಕಡೆ ಅಂಚಿಗೆ ಹತ್ತಿರ ಬಂದಿದೆ, ಇನ್ನೊಂದು ಕಡೆ ತಳಕ್ಕೆ ಇಳಿದಿದೆ. ಹೊಸ ಕಟ್ಟೆ, ಡೊಂಕು ಕಟ್ಟಿರಬೇಕು ಎಂದುಕೊಂಡೆ. ಸೋಸುವಾಗ ಕೈ ತಪ್ಪಿ ಅರ್ಧ ಲೋಟ ಕೆಳಗೆ ಚೆಲ್ಲಿತು. ಒಳ್ಳೇದೇ ಆಯಿತು, ಬಾಗಿಲ ಕಡೆ ಹರಿದುಹೋಗುತ್ತದೆ, ಆಮೇಲೆ ನೀರು ಸುರುವಿದರಾಯಿತು ಎಂದು ಕಾದೆ.

ಹರಿಯಲಿಲ್ಲ. ಚೆಲ್ಲಿದಲ್ಲೇ ಚಪಾತಿಯಷ್ಟಗಲ ನಿಂತುಕೊಂಡಿತು. ನಾನು ಅದನ್ನು ನೋಡಿದೆ. ಕಾಲ್ಬೆರಳಿನಿಂದ ಒಂಚೂರು ದೂಡಿದೆ. ಬಾಗಿಲ ಕಡೆ ಹೋದಷ್ಟೇ ಆ ಕಡೆಗೂ ಹೋಯಿತು. ಬೆಟಗೇರಿಯ ಓಣಿಯಲ್ಲಿ ಇದನ್ನು ತೊಳೆದಾಗ ನೀರು ತಾನಾಗಿಯೇ ಮೆಟ್ಟಿಲು ಇಳಿದು ಓಡಿತ್ತಲ್ಲ? ಅತ್ತೆ ಹಟ ಹಿಡಿದು ಇಳಿಜಾರು ಕೊಡಿಸಿದ್ದ ನೆಲವಲ್ಲವೇ ಇದು?

"ರೀ, ಇಲ್ಲಿ ಬರ್ರಿ ಜಲ್ದಿ! ಚಹಾ ಹರೀವಲ್ದು!"

"ಚೆಲ್ಲಿದ ಮ್ಯಾಲೆ ಒರಸು. ನನ್ಯಾಕ ಕರೀತಿ?"

"ಹರೀಬೇಕಾಗಿತ್ರಿ! ಈ ನೆಲಾ ಬಾಗಲಕಡೆ ಇಳಕಲ ಇರಬೇಕಲ್ಲ. ಈಗ್ಯಾಕ ಮಟ್ಟಸ ಐತಿ?"

ಇವರು ಬಾಗಿಲಲ್ಲಿ ನಿಂತು ಚಹಾ ನೋಡಿದರು. ನನ್ನನ್ನು ನೋಡಿದರು. ಮತ್ತೆ ಚಹಾ ನೋಡಿದರು. ಆಮೇಲೆ ಮೆಟ್ಟಿಲ ಮೇಲೆಯೇ ಕುಸಿದು ಕೂತು ನಗತೊಡಗಿದರು.

ನಿಮಗೂ ಗೊತ್ತಾಗಿರಬೇಕು. ಮಂಚವನ್ನೂ ಕಟ್ಟೆಯನ್ನೂ ಮಿಸ್ತ್ರಿ ನೆಟ್ಟಗೆ ಕೂಡಿಸಿದ್ದರು. ನೆಲವೊಂದನ್ನೇ ನೀರು ಹೋಗಲೆಂದು ಬಾಗಿಲ ಕಡೆ ಇಳಿಸಿದ್ದರು. ಇವರು ಆ ಇಳಿದ ನೆಲದ ಮೇಲೆ ರಸಮಟ್ಟ ಇಟ್ಟು, ಗಾಡಿಯೇ ಎಡಕ್ಕೆ ಇಳಿದಿದೆ ಎಂದು ಹಲಗೆ ಕೊಟ್ಟು ಎತ್ತಿದರು. ನೆಲ ಮಟ್ಟವಾಯಿತು; ಮಂಚ ಡೊಂಕಾಯಿತು. ಬಾಗಿಲ ಕಡೆ ಎದ್ದು, ಅತ್ತೆಯ ತಲೆಯ ಕಡೆ ಇಳಿಯಿತು. ಗುಳ್ಳೆ ಸುಳ್ಳು ಹೇಳಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿತ್ತು. ನೀಲವ್ವನ ಕಣವೂ ತಾಟಿನ ಹಾಗೆಯೇ ಇತ್ತು. ಹಲಗೆಯ ಕೆಲಸವೇ ಇರಲಿಲ್ಲ.

ಗಾಡಿಯೊಳಗಿನ ನೆಲ ತೊಳೆಯಬೇಕೆಂದು ಹಟ ಹಿಡಿಯುವ ಮನೆಯವರನ್ನು ಬಿಟ್ಟರೆ ಬೇರೆ ಯಾರಿಗಾದರೂ ಈ ಫಜೀತಿ ಆಗುತ್ತಿತ್ತೇ ಎಂದು ನಾನು ಈಗಲೂ ಯೋಚಿಸುತ್ತೇನೆ. ಮಾವನವರು ಮಗ್ಗ ಹೂಡುವಾಗ ಹಿತ್ತಾಳೆ ತಾಟಿನಲ್ಲಿ ನೀರು ತುಂಬಿ ಮಗ್ಗದ ಅಡ್ಡಮರದ ಮೇಲೆ ಇಡುತ್ತಿದ್ದರು. ಯಾವ ಕಡೆ ಅಂಚಿಗೆ ನೀರು ಹತ್ತುತ್ತದೋ ಆ ಕಡೆ ಕಾಲಿಗೆ ಬೆಣೆ. ಕೆಳಗಿನ ನೆಲ ಹೇಗಿದೆ ಎಂದು ಅವರು ತಿರುಗಿಯೂ ನೋಡುತ್ತಿರಲಿಲ್ಲ. ಅರಿವೆ ಹುಟ್ಟುವುದು ಮಗ್ಗದ ಮೇಲೆ, ನೆಲದ ಮೇಲಲ್ಲವಲ್ಲ. ನಾವೂ ಹಾಗೇ ಮಾಡಿದೆವು. ಹಿತ್ತಾಳೆಯದು ಇರಲಿಲ್ಲ, ಸ್ಟೀಲಿನ ಊಟದ ತಾಟಿಗೇ ನೀರು ಹಾಕಿ ಹಾಸಿಗೆ ಸುರುಳಿ ಸುತ್ತಿ ಮಂಚದ ಹಲಗೆಯ ಮೇಲೆ ಇಟ್ಟೆ. ನೀರೆಲ್ಲ ದಿಂಬಿನ ಕಡೆಗೆ ಸರಿದು ನಿಂತಿತು. ಅತ್ತೆಯನ್ನು ಕರೆದು ಕಿಟಕಿಯಿಂದಲೇ ತೋರಿಸಿದೆ.

"ನೋಡ್ರಿ ಅತ್ತೀ, ನಿಮ್ಮ ಕಿವ್ಯಾನ ನೀರೂ ಇದೂ ಒಂದ ಮಾತು ಹೇಳಾಕ ಹತ್ತ್ಯಾವ."

ಅತ್ತೆ ತಾಟನ್ನು ಬಹಳ ಹೊತ್ತು ನೋಡಿದರು. "ನನ್ನ ತಲಿ ಕೆಟ್ಟಿಲ್ಲ ಹಂಗಾರ" ಎಂದರು. ಮಗನಿಗೆ ಅಲ್ಲ, ನನಗೂ ಅಲ್ಲ, ತಮಗೇ ಹೇಳಿಕೊಂಡರು.

ಮಾಡಿದ್ದನ್ನೆಲ್ಲ ಬಿಚ್ಚಬೇಕಾಯಿತು. ಮೂಲೆಯ ಕಾಲು ಎತ್ತಿದೆವು, ಜೀಪು ತಂದು ಕೊಂಡಿ ಹಾಕಿದೆವು, ಕಲ್ಲು ತೆಗೆದು ಗಾಲಿಯನ್ನು ಹಲಗೆಯಿಂದ ಇಳಿಸಿದೆವು. ಈ ಸಲ "ಹೋ" ಎಂದವಳು ನೀಲವ್ವ. ಎತ್ತು ನಿಲ್ಲಿಸಿ ರೂಢಿಯಿದ್ದ ಆ ದನಿಗೆ ಇವರು ಬೆಚ್ಚಿ ಬ್ರೇಕು ಒತ್ತಿದರು, ಗಾಡಿ ಎಲ್ಲಿ ಬೇಕೋ ಅಲ್ಲಿ ನಿಂತಿತು. "ಎತ್ತಿಗಿಂತ ಚಲೋ ಮಾತ ಕೇಳ್ತಾರ ಅಣ್ಣಾರು" ಎಂದಳು. ತಾಟು ಮಂಚದ ಮೇಲೆಯೇ ಇತ್ತು. ನಾನು ಅದನ್ನು ನೋಡುತ್ತ, ಇವರು ಜಾಕು ತಿರುವುತ್ತ. ನೀರು ಅಂಚಿನ ಸುತ್ತ ಒಂದೇ ಸಮ ಬಂದಾಗ ಹೊರಗೆ ಹೊತ್ತು ಗುಡ್ಡದ ಹಿಂದೆ ಸರಿಯುತ್ತಿತ್ತು. ಅತ್ತೆ ಕೇಳಿದರೆಂದು ಚಹಾ ಬಿದ್ದಿದ್ದ ನೆಲಕ್ಕೆ ಒಂದು ತಂಬಿಗೆ ನೀರು ಸುರುವಿದೆ. ಅದು ಶಿಸ್ತಿನಿಂದ ಬಾಗಿಲು ದಾಟಿ ಕೆಳಗಿಳಿಯಿತು.

"ಮೊದಲ ಊಟಾ ಮಾಡೂಣು" ಎಂದರು ಅತ್ತೆ. ಮತ್ತೊಮ್ಮೆ ಒರಗಿ ನೋಡುವ ಧೈರ್ಯ ಅವರಿಗೆ ತಕ್ಷಣ ಬರಲಿಲ್ಲ, ಒತ್ತಾಯ ಮಾಡುವ ಧೈರ್ಯ ನಮಗೂ ಇರಲಿಲ್ಲ. ನೀಲವ್ವ ಬಿಸಿ ಸಜ್ಜೆ ರೊಟ್ಟಿ, ಪುಂಡಿಪಲ್ಯ ತಂದಳು. ನಾನು ಕಟ್ಟಿಕೊಂಡು ಬಂದಿದ್ದ ಬುತ್ತಿ ಬಿಚ್ಚಿದೆ. ಹೆಸರುಕಾಳು ಪಲ್ಯ, ಅಗಸಿ ಹಿಂಡಿ, ಮೊಸರನ್ನ. ಉಳ್ಳಾಗಡ್ಡಿಯನ್ನು ಇವರು ಮುಷ್ಟಿಯಿಂದ ಗುದ್ದಿ ಒಡೆದರು. ಕಣದ ಮೇಲೆ ಜಮಖಾನ ಹಾಸಿ ನಾಲ್ವರೂ ಉಂಡೆವು. ಅತ್ತೆ ಕಾಲು ರೊಟ್ಟಿ ಹೆಚ್ಚಿಗೆಯೇ ತಿಂದರು. ನೀಲವ್ವ ಪಾತ್ರೆ ತೆಗೆದುಕೊಂಡು ಮನೆಗೆ ಹೋದಳು.

ಅತ್ತೆ ಒಳಗೆ ಹೋಗಿ ಒರಗಿದರು. ನಾವಿಬ್ಬರೂ ಹೊರಗೆ ಕಿಟಕಿಯ ಕೆಳಗೆ ಉಸಿರು ಹಿಡಿದು ಕೂತೆವು. ಎಡಕ್ಕೆ ಹೊರಳಿದ್ದು ಕೇಳಿಸಿತು. ಬಲಕ್ಕೆ ಹೊರಳಿದ್ದು ಕೇಳಿಸಿತು. ಆಮೇಲೆ ಕಿಟಕಿಯಿಂದ ದನಿ ಬಂತು.

"ಈರಣ್ಣಾ."

"ಏನವಾ?" ಎಂದು ಇವರು ಎದ್ದೇ ನಿಂತರು.

"ಕಮಲವ್ವನ ಮನಿ ಮುಂದ ಗಟಾರ ಐತಿ. ಈ ಗಾಡಿ ಅಲ್ಲಿ ಹಿಡಿಯಂಗಿಲ್ಲ."

ಇವರು ನನ್ನ ಕಡೆ ನೋಡಿದರು. "ಮತ್ತ ಎಲ್ಲಿ ನಿಲ್ಲಸೂಣವಾ?"

"ಹಿತ್ತಲದಾಗ ನಿಲ್ಲಸು. ಹಿತ್ತಲಕ್ಕ ಹಿಂದಿನ ಓಣಿಯಿಂದ ಹಾದಿ ಐತಿ. ಹುಣಸಿಗಿಡದ ಕೆಳಗ ನೆಳ್ಳು ಚಲೋ… ಅಲ್ಲೇ ಬ್ಯಾಡ, ಅಲ್ಲಿ ಆಕಿ ಎಮ್ಮಿ ಕಟ್ತಾಳ. ಮುಂಜಾನೆ ಫೋನ್ ಹಚ್ಚಿ ಎಮ್ಮಿ ಬ್ಯಾರೆ ಕಡೆ ಕಟ್ಟು ಅಂತ ಹೇಳ್ತೀನಿ. ಕಟ್ಟಲಿಲ್ಲಂದ್ರ ಆ ಗ್ವಾಡಿ ಮಗ್ಗಲದಾಗ…"

ಗೋಡೆಯ ಮಗ್ಗುಲಲ್ಲಿ ಏನೆಂದು ಕೇಳಲು ನಾವು ಕಾದೆವು. ಮಾತು ಮುಂದೆ ಬರಲಿಲ್ಲ. ಇವರು ಬೆರಳ ತುದಿಯ ಮೇಲೆ ನಿಂತು ಕಿಟಕಿಯೊಳಗೆ ಇಣುಕಿ, ತಿರುಗಿ, ಕೆನ್ನೆಯ ಕೆಳಗೆ ಅಂಗೈ ಇಟ್ಟು ತೋರಿಸಿದರು. ಒಳಗೆ ಹತ್ತಿದರೆ ಗಾಡಿ ಅಲುಗೀತೆಂದು ನಾವಿಬ್ಬರೂ ಆ ರಾತ್ರಿ ಮೆಟ್ಟಿಲ ಮೇಲೆ ಕಾಲಿಡಲಿಲ್ಲ. ಕಣದಲ್ಲಿ ಕೂತು ಉಂಡ ಜಮಖಾನದ ಮೇಲೆಯೇ ಉರುಳಿಕೊಂಡೆವು. ಉಂಡದ್ದು ಸಜ್ಜೆ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಅಗಸಿ ಹಿಂಡಿ, ಮೊಸರನ್ನ. ಎರಡನೆಯವರಾಗಿ ಮಲಗಿದವರು ಇವರು, ಕೊನೆಗೆ ನಾನು. ಎಲ್ಲರಿಗಿಂತ ಮೊದಲು ಮಲಗಿದವರು ಅತ್ತೆ, ಎಮ್ಮೆಯ ಮಾತು ಮುಗಿಸುವ ಮೊದಲೇ.